ಸಾಫ್ಟ್‌ವೇರಿನ ವಾರ್ಷಿಕ ಶುಲ್ಕ ಕುರಿತು ನಮ್ಮ ಅಕ್ಕಿ ಗಿರಣಿ ಗ್ರಾಹಕರಿಗೆ

ಮಾನ್ಯ ಗ್ರಾಹಕ ಬಂಧುಗಳಿಗೆ ನಮಸ್ಕಾರಗಳು.

ಬರುವ ಏಪ್ರಿಲ್ 1ರಿಂದ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರನ್ನು ಒಂದೇ ಸಲ ಹಣ ಪಡೆದು ಮಾರುವ ಪದ್ಧತಿಯನ್ನು ನಿಲ್ಲಿಸಿ, ವರ್ಷಕ್ಕೆ 6,000 ರೂಪಾಯಿ ಶುಲ್ಕದ ಮೇಲೆ ಕೊಡಲು ನಿರ್ಧರಿಸಿದ್ದೇವೆ. ಇಷ್ಟು ವರ್ಷ ಒಡನಾಡಿದ ನಿಮಗೆ ಈ ವಿಷಯವನ್ನು ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲಿನಲ್ಲಿ ತಿಳಿಸಿದ್ದು ನಮ್ಮ ತಪ್ಪು. ಅದಕ್ಕಾಗಿ ಕ್ಷಮೆ ಕೋರುತ್ತೇವೆ.

ಗಂಗಾವತಿಯಿಂದ ಕಾರಟಗಿಯವರೆಗೆ ಎಲ್ಲಿ ಹೋದರೂ ಕೇಳಿಬಂದ ಮಾತು ಒಂದೇ: “ರೊಕ್ಕಾ ಕೊಟ್ಟು ತಗೊಂಡೀವಿ, ಮತ್ತ ವರ್ಷಾ ಬಾಡಿಗಿ ಯಾಕ್ರಿ?” ನೀವು ಕೊಂಡ ಪ್ರತಿ ನಿಮ್ಮದೇ. ಅದು ನಿಮ್ಮ ಕಂಪ್ಯೂಟರಿನಲ್ಲಿ ಮುಂದೆಯೂ ತೆರೆಯುತ್ತದೆ, ಹಳೆಯ ಲೆಕ್ಕ ತೋರಿಸುತ್ತದೆ, ಅದಕ್ಕೆ ಒಂದು ಪೈಸೆಯನ್ನೂ ಕೇಳುವುದಿಲ್ಲ. ಆದರೆ ಬಿಲ್ಲಿನ ನಿಯಮ ಕೊಂಡ ದಿನ ಇದ್ದಂತೆ ಇರುವುದಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು, 2018ರ ಏಪ್ರಿಲ್‌ನಲ್ಲಿ ಸರಕು ಸಾಗಣೆಗೆ ಇ-ವೇ ಬಿಲ್ ಬಂತು. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿಗೆ ಶೇ. 5 ತೆರಿಗೆ ಬಿದ್ದಾಗ ಹಲವರು 26 ಕೆ.ಜಿ. ಚೀಲಕ್ಕೆ ಬದಲಾದಿರಿ, ಅದೇ ಸೋನಾ ಮಸೂರಿ, ಒಂದು ಚೀಲಕ್ಕೆ ತೆರಿಗೆ, ಇನ್ನೊಂದಕ್ಕಿಲ್ಲ. ಆ ಲೆಕ್ಕ ಬಿಲ್ಲಿನಲ್ಲಿ ತಾನಾಗಿ ಬೇರೆಯಾಗಲೆಂದು ನಮ್ಮ ಹುಡುಗರು ರಾತ್ರಿ ಹಗಲು ಕೂತು ಕೆಲಸ ಮಾಡಿದರು, ಮರುದಿನ ಯಾವ ಗಿರಣಿಯ ಲಾರಿಯೂ ಬಿಲ್ಲಿಗಾಗಿ ನಿಲ್ಲಲಿಲ್ಲ. ಇದಾವುದಕ್ಕೂ ನಾವು ನಿಮ್ಮಿಂದ ಹೆಚ್ಚಿನ ಹಣ ಪಡೆದಿಲ್ಲವೆಂಬುದು ನಿಮಗೂ ಗೊತ್ತು.

ಹಾಗಿದ್ದೂ ಕೆಲವರು ನಮ್ಮನ್ನು ಲಾಭಕೋರರೆಂದು ಕರೆದದ್ದು ಮನಸ್ಸಿಗೆ ನೋವು ತಂದಿದೆ. ಹಳೆಯ ಪದ್ಧತಿಯಲ್ಲಿ ಹೊಸ ಗಿರಣಿ ಸಿಕ್ಕರಷ್ಟೇ ನಮಗೆ ಆದಾಯ. ಸಿಗದ ತಿಂಗಳಲ್ಲೂ ನಿಮ್ಮ ಫೋನ್ ಎತ್ತುವ ಹುಡುಗನಿಗೆ ಸಂಬಳ ಕೊಡಬೇಕು, ಸರ್ವರಿನ ಬಾಡಿಗೆಯನ್ನು ತಿಂಗಳು ತಿಂಗಳು ಕಟ್ಟಬೇಕು. ಶುಲ್ಕದ ಮೇಲಿನ ಶೇ. 18 ಜಿಎಸ್‌ಟಿ, ಅಂದರೆ 1,080 ರೂಪಾಯಿ, ಸರ್ಕಾರಕ್ಕೆ ಸೇರುವಂಥದ್ದು. ಅದನ್ನೂ ನಮ್ಮ ಲೆಕ್ಕಕ್ಕೆ ಹಿಡಿದು “ಏಳು ಸಾವಿರ ಕೇಳ್ತಾರ” ಎನ್ನುವುದು ಸರಿಯಲ್ಲ.

ಸರ್ವರ್ ಬೇಕೇ ಎಂದವರಿಗೊಂದು ಮಾತು. ಕಳೆದ ಬೇಸಿಗೆ ಬೆಳೆಯ ಸುಗ್ಗಿಯಲ್ಲಿ ಒಂದು ಗಿರಣಿಯಲ್ಲಿ ಲಾರಿ ತೂಗುವ ವೇಬ್ರಿಜ್ ಕೋಣೆಯಲ್ಲಿದ್ದ ಕಂಪ್ಯೂಟರನ್ನು ಬಿಚ್ಚಿದಾಗ ಒಳಗೆ ಬೆರಳುದ್ದ ತೌಡಿನ ದೂಳು ಕೂತಿತ್ತು, ಹಾರ್ಡ್ ಡಿಸ್ಕ್ ಸತ್ತಿತ್ತು, ಬ್ಯಾಕಪ್ ಇರಲಿಲ್ಲ. ಮಸುಕಾದ ಕಾರ್ಬನ್ ಪ್ರತಿಗಳನ್ನು ಬೆಳಕಿಗೆ ಹಿಡಿದು ಮೂರು ರಾತ್ರಿ ಬಿಲ್ಲುಗಳನ್ನು ಮತ್ತೆ ಟೈಪ್ ಮಾಡಿದೆವು. ಹೊಸ ಪದ್ಧತಿಯಲ್ಲಿ ಲೆಕ್ಕದ ಒಂದು ಪ್ರತಿ ಪ್ರತಿದಿನ ಸರ್ವರಿನಲ್ಲೂ ಉಳಿಯುತ್ತದೆ.

ಹಳೆಯ ಗ್ರಾಹಕರಿಗೆ ಮೊದಲ ವರ್ಷ ಅರ್ಧ ಶುಲ್ಕ. ಮುಂದೆ ಯಾರಾದರೂ ಶುಲ್ಕ ನಿಲ್ಲಿಸಿದರೂ ಅವರ ಲೆಕ್ಕವನ್ನು ಹಿಡಿದಿಡುವುದಿಲ್ಲ. ಪೂರ್ತಿ ಎಕ್ಸೆಲ್ ಕಡತದಲ್ಲಿ ತೆಗೆದು ಕೈಗೆ ಕೊಡುತ್ತೇವೆ. ಇನ್ನೂ ಸಂದೇಹವಿದ್ದವರು ಒಂದು ಮಾತು ಹೇಳಿ ಕಳಿಸಿರಿ, ನಾನೇ ನಿಮ್ಮ ಗಿರಣಿಗೆ ಬಂದು ಖರ್ಚಿನ ಪಟ್ಟಿಯನ್ನು ಮುಂದಿಡುತ್ತೇನೆ.

ನಿಮ್ಮ ವಿಶ್ವಾಸಿ,
ಸಂಸ್ಥೆಯ ಮಾಲೀಕ, ಗಂಗಾವತಿ