ಮಿಲ್ಟ್ರಿ ಡಾಕ್ಟ್ರ ವಿಷಯವಾಗಿ ಅಪ್ಪಯ್ಯನಿಗೊಂದು ಕಾಗದ

ಬುಸಾನ್, ದಕ್ಷಿಣ ಕೊರಿಯಾ
18 ಜನವರಿ 2025

ತೀರ್ಥರೂಪು ಅಪ್ಪಯ್ಯನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಮಿಲ್ಟ್ರಿ ಡಾಕ್ಟ್ರು ತೀರಿಹೋದ ಸುದ್ದಿಯನ್ನು ನೀವು ಫೋನಿನಲ್ಲಿ ಹೇಳಿದಾಗ ನಾನು ಸರಿಯಾಗಿ ಮಾತನಾಡಲಿಲ್ಲ. ಪ್ರಯೋಗಾಲಯದಲ್ಲಿ ಸುತ್ತ ಜನರಿದ್ದರು. ಊರಿನ ಸಭೆಯಲ್ಲಿ ಓದುವುದಕ್ಕೆ ನಾಲ್ಕು ಸಾಲು ಬರೆದು ಕಳಿಸು ಎಂದಿರಿ. ಎರಡು ರಾತ್ರಿ ಕೂತರೂ ಅದು ನಾಲ್ಕು ಸಾಲಿಗೆ ನಿಲ್ಲಲಿಲ್ಲ, ಆದ್ದರಿಂದ ಕಾಗದವನ್ನೇ ಬರೆಯುತ್ತಿದ್ದೇನೆ. ಬೇಕಾದಷ್ಟನ್ನು ಆರಿಸಿ ಓದಿ. ಆದರೆ ಅವರನ್ನು ದೇವರಂಥವರು ಎಂದು ಮಾತ್ರ ಹೇಳಬೇಡಿ. ಜ್ವರ ಎಂದು ಹೋದವರಿಗೆ ಸೂಜಿ ಚುಚ್ಚದೆ, ಗಂಜಿ ಕುಡಿದು ಮಲಗು ಎಂದು ಗದರಿಸಿ ಕಳಿಸುತ್ತಿದ್ದ ಅವರ ವಿಷಯದಲ್ಲಿ ಅರ್ಧ ಊರು ಹಿಂದೆ ಏನು ಹೇಳುತ್ತಿತ್ತು ಎಂಬುದು ನಿಮಗೂ ಗೊತ್ತು. ‘ಇಂಜೆಕ್ಷನ್ ಕೊಡದವರು ಎಂಥಾ ಡಾಕ್ಟ್ರು’ ಎಂದು ತೀರ್ಥಹಳ್ಳಿಯ ಬಸ್ ಹತ್ತಿದವರಲ್ಲಿ ನಮ್ಮ ದೊಡ್ಡಪ್ಪನೂ ಒಬ್ಬರು.

ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದು ಮುಗಿಸಿ, 1962ರ ಚೀನಾ ಯುದ್ಧದ ಬೆನ್ನಿಗೇ ಸೇನೆಗೆ ವೈದ್ಯರು ಬೇಕಾಗಿದ್ದಾಗ ಸೇರಿಕೊಂಡವರು ಅವರು. 1965 ಮತ್ತು 1971ರ ಯುದ್ಧ ಎರಡನ್ನೂ ಕಂಡು, ಮೇಜರ್ ಆಗಿ ಊರಿಗೆ ಮರಳಿ, ಅಂಚೆ ಕಚೇರಿಯ ಪಕ್ಕದ ಹೆಂಚಿನ ಮನೆಯಲ್ಲಿ ಬಾಗಿಲು ತೆರೆದರು. ಯುದ್ಧದ ಕಥೆ ಹೇಳಿ ಎಂದು ನಾವು ಮಕ್ಕಳು ಕಾಡಿದರೆ, ಫೀಲ್ಡ್ ಆಂಬ್ಯುಲೆನ್ಸ್ ಎಂದರೆ ಗಾಡಿಯಲ್ಲ, ಡಾಕ್ಟರು, ಸಹಾಯಕರು, ಡೋಲಿ ಹೊರುವವರು, ಅಡುಗೆಯವರು ಎಲ್ಲ ಸೇರಿದ ಒಂದು ತುಕಡಿ, ಗಾಯಾಳುವನ್ನು ಗುಂಡಿನ ಸಾಲಿನಿಂದ ಹಿಂದೆ ಹಿಂದೆ ಕೈದಾಟಿಸುತ್ತಾ ಆಸ್ಪತ್ರೆ ಮುಟ್ಟಿಸುವುದು ಅದರ ಕೆಲಸ ಎಂದು ಪಾಠ ಮಾಡಿ ಮುಗಿಸುತ್ತಿದ್ದರು. ನಮಗೆ ಭಾರೀ ನಿರಾಶೆಯಾಗುತ್ತಿತ್ತು.

ಆ ಪಾಠವನ್ನೇ ಅವರು ನಮ್ಮ ಊರಿನಲ್ಲಿ ನಡೆಸಿದರು ಎಂಬುದು ನನಗೆ ಇಲ್ಲಿಗೆ ಬಂದ ಮೇಲೆ ಹೊಳೆಯಿತು. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗಾರರನ್ನು ಕೂರಿಸಿಕೊಂಡು, ಮರದಿಂದ ಬಿದ್ದವನನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸಬೇಡಿ, ನಾಲ್ಕು ಜನ ಸೇರಿ ದಿಮ್ಮಿ ಹೊರಳಿಸಿದ ಹಾಗೆ ಒಟ್ಟಿಗೆ ಹೊರಳಿಸಿ ಎಂದು ಅವರು ಹೇಳಿಕೊಟ್ಟದ್ದು, ಎರಡು ಅಡಿಕೆ ದಬ್ಬೆಗೆ ಗೋಣಿಚೀಲ ತೂರಿಸಿ ಡೋಲಿ ಮಾಡುವುದನ್ನು ನಮ್ಮ ಅಂಗಳದಲ್ಲೇ ತೋರಿಸಿದ್ದು ನಿಮಗೆ ನೆನಪಿರಬೇಕು. ಅವರ ಡೋಲಿಯನ್ನು ಪರೀಕ್ಷಿಸಲು ಮೊದಲು ಮಲಗಿದವರೇ ನೀವಲ್ಲವೇ.

ತಮ್ಮ ಪೇರಲೆ ಮರದಿಂದ ಬಿದ್ದು ಮುಂಗೈ ಮುರಿದುಕೊಂಡ ದಿನ ಅವರು ಮಾಡಿದ್ದನ್ನು ನಾನು ಒಂದು ಗೇಣು ದೂರದಿಂದ ನೋಡಿದ್ದೇನೆ. ಹಿತ್ತಿಲಿನಿಂದ ಅಡಿಕೆ ಹಾಳೆ ತರಿಸಿ, ಕತ್ತರಿಯಿಂದ ಅಳತೆಗೆ ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ ಮೆತ್ತಗಾಗಿಸಿದರು. ಒಳಗೆ ಹತ್ತಿ ಹಾಸಿ, ಹಾಳೆಯ ಸಹಜವಾದ ಬಾಗಿನಲ್ಲೇ ಕೈಯನ್ನು ಕೂರಿಸಿ, ಅಮ್ಮನ ಹಳೆಯ ಸೀರೆಯ ಪಟ್ಟಿಯಿಂದ ಸುತ್ತಿದರು. ಆಮೇಲೆ ಅವನ ಉಗುರನ್ನು ಒತ್ತಿ ಬಿಟ್ಟು, ಬಿಳಿಚಿದ ಬಣ್ಣ ಮತ್ತೆ ಕೆಂಪಾಗುವುದನ್ನು ನೋಡಿದರು. ಒಮ್ಮೆಯಲ್ಲ, ಪ್ರತಿ ಬೆರಳಿಗೂ. ಕಟ್ಟು ಬಿಗಿಯಾದರೆ ಮುರಿದ ಮೂಳೆಗಿಂತ ಕಟ್ಟೇ ಹೆಚ್ಚು ಕೆಡಿಸುತ್ತದೆ ಎಂದು ನನಗೆ ಹೇಳಿ, ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆಸುವವರೆಗೂ ದಾರಿಯುದ್ದಕ್ಕೂ ಉಗುರು ಒತ್ತಿ ನೋಡುವ ಕೆಲಸವನ್ನು ಹತ್ತು ವರ್ಷದ ನನಗೆ ವಹಿಸಿದರು. ಬಸ್ಸಿನಲ್ಲಿ ನಾನು ಕಣ್ಣು ಮುಚ್ಚಲಿಲ್ಲ.

ಹಾವು ಕಚ್ಚಿದವರ ವಿಷಯದಲ್ಲೂ ಹಾಗೆಯೇ. ಒಣಗಿದ ಸ್ವಚ್ಛ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತ ತೆಗೆದು, ಅಲುಗಾಡಿಸದೆ 20 ನಿಮಿಷ ನಿಲ್ಲಿಸಿ, ಆಮೇಲೆ ಓರೆ ಮಾಡುತ್ತಿದ್ದರು. ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದ ವಿಷ ಏರಿದೆ ಎಂಬ ಅನುಮಾನ. ಮರುಕ್ಷಣ ಅವರ ಜೀಪು ಹೊರಡುತ್ತಿತ್ತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದ ಔಷಧ ನಮ್ಮ ಕಾಡಿನ ಎಲ್ಲ ಹಾವಿಗೂ ನಡೆಯುವುದಿಲ್ಲ ಎಂದು ಬಿಚ್ಚಿ ಹೇಳುವುದಕ್ಕೂ ಅವರು ಹಿಂಜರಿಯುತ್ತಿರಲಿಲ್ಲ.

ಘಾಟಿಯಲ್ಲಿ ಬಸ್ಸು ಮಗುಚಿದ ರಾತ್ರಿ ಅವರು ಕೂಗುತ್ತಿದ್ದವರನ್ನು ದಾಟಿಕೊಂಡು ಹೋದರೆಂದು ಊರಿನ ಕೆಲವರಿಗೆ ಇಂದಿಗೂ ಸಿಟ್ಟಿದೆ. ಸಭೆಯಲ್ಲಿ ಈ ಮಾತು ಬಂದರೆ ದಯವಿಟ್ಟು ಸುಮ್ಮನಿರಬೇಡಿ. ಕೂಗುವವನಿಗೆ ಉಸಿರಾಡುವ ಶಕ್ತಿಯಿದೆ, ಸದ್ದಿಲ್ಲದೆ ಬಿದ್ದವನನ್ನು ಮೊದಲು ನೋಡಬೇಕು ಎಂಬುದು ಸೇನೆಯ ವೈದ್ಯರಿಗೆ ಮೊದಲು ಕಲಿಸುವ ಪಾಠಗಳಲ್ಲಿ ಒಂದು. ಇದನ್ನು ಅವರು ಯಾರಿಗೂ ವಿವರಿಸಲು ಹೋಗಲಿಲ್ಲ. ಅದು ಅವರ ತಪ್ಪೆಂದೇ ನಾನು ಹೇಳುತ್ತೇನೆ.

ನಾನು ಬುಸಾನಿಗೆ ಹೊರಟಾಗ ನಮಸ್ಕಾರ ಮಾಡಲು ಹೋದರೆ, ಊಟ ತಿಂಡಿ ವಿಚಾರಿಸದೆ, ಅಲ್ಲಿ ನಮ್ಮವರ ಕಲ್ಲೊಂದಿದೆ, ನೋಡಿ ಬಾ ಎಂದಿದ್ದರು. ಲಖನೌದ ಸೇನಾ ವೈದ್ಯಕೀಯ ಕೇಂದ್ರದಲ್ಲಿ ಅವರಿಗೆ ಡೋಲಿ ಕಟ್ಟಲು ಕಲಿಸಿದ ಸುಬೇದಾರರು ಕೊರಿಯಾಕ್ಕೆ ಬಂದು ಹೋದವರಂತೆ. ಕಳೆದ ಭಾನುವಾರ ತೇಜೊಂಗ್‌ದೆ ಎಂಬ ಕಡಲ ಗುಡ್ಡದ ಬಳಿ ಅದನ್ನು ನೋಡಿದೆ. ಕೊರಿಯಾ ಯುದ್ಧಕಾಲದಲ್ಲಿ ವೈದ್ಯಕೀಯ ನೆರವು ಕೊಟ್ಟ ದೇಶಗಳ ಸ್ಮಾರಕ; ಅದರಲ್ಲಿ ಭಾರತವೂ ಇದೆ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನಾಯಕತ್ವದಲ್ಲಿ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್ 1950ರ ನವೆಂಬರಿನಲ್ಲಿ ಇದೇ ಬಂದರಿನಲ್ಲಿ ಇಳಿಯಿತು. ಪ್ಯೊಂಗ್ಯಾಂಗ್‌ನಿಂದ ಹಿಂದೆ ಸರಿಯುವಾಗ, ಬಿಟ್ಟುಹೋಗಿದ್ದ ಉಗಿಬಂಡಿಯೊಂದನ್ನು ತಾವೇ ನಡೆಸಿ, ಸೇತುವೆ ಸಿಡಿಸುವ ಮುನ್ನ ಔಷಧ ಸಲಕರಣೆಗಳನ್ನೆಲ್ಲ ನದಿ ದಾಟಿಸಿದರು. 1951ರ ಮಾರ್ಚ್‌ನಲ್ಲಿ ಅವರಲ್ಲಿ ಕೆಲವರು ಅಮೆರಿಕದ ಸೈನಿಕರೊಡನೆ ವಿಮಾನದಿಂದ ಧುಮುಕಿ ನೆಲದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರು. ನಮ್ಮ ಅಂಗಳದ ಗೋಣಿಚೀಲದ ಡೋಲಿಗೂ ಈ ಬಂದರಿಗೂ ಹೀಗೊಂದು ದಾರಿಯಿದೆ ಎಂದು ಚಳಿಗಾಳಿಯಲ್ಲಿ ನಿಂತು ಯೋಚಿಸಿದೆ. ಕಲ್ಲಿನ ಫೋಟೋ ತೆಗೆದು ಅವರಿಗೆ ಕಳಿಸಬೇಕೆಂದಿದ್ದೆ. ಮರುದಿನವೇ ನಿಮ್ಮ ಫೋನು ಬಂತು.

ಒಂದು ಕೋರಿಕೆ. ಅವರ ಮನೆ ಖಾಲಿ ಮಾಡುವಾಗ ಮಂಗನ ಕಾಯಿಲೆಯ ಕಂದು ರಟ್ಟಿನ ಪುಸ್ತಕಗಳು ಗುಜರಿಗೆ ಹೋಗದಂತೆ ನೋಡಿಕೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಈ ಕಾಯಿಲೆ ಮೊದಲು ಬೆಳಕಿಗೆ ಬಂದಾಗ ಅವರು ವಿದ್ಯಾರ್ಥಿ. ಊರಿಗೆ ಬಂದ ಮೇಲೆ ಪ್ರತಿ ಬೇಸಿಗೆಯೂ ಯಾವ ಹಕ್ಕಲಿನಲ್ಲಿ ಮಂಗ ಸತ್ತಿತು, ಯಾರ ಮನೆಯವರು ಅಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿದರು, ಯಾರಿಗೆ ಎಷ್ಟನೇ ದಿನ ಜ್ವರ ಬಂತು ಎಂದು ಬರೆದಿಟ್ಟಿದ್ದಾರೆ. ಈ ಕಾಯಿಲೆಗೆಂದೇ ಔಷಧವಿಲ್ಲದಿರುವಾಗ ಅದನ್ನು ಹರಡುವ ಉಣುಗು ಎಲ್ಲಿದೆ ಎಂದು ತಿಳಿದಿರುವುದೇ ಅರ್ಧ ಚಿಕಿತ್ಸೆ ಎನ್ನುತ್ತಿದ್ದರು. ಅವರ ಮಗ ಒಪ್ಪಿದರೆ ಆ ಪುಸ್ತಕಗಳನ್ನು ನಮ್ಮ ಅಟ್ಟದ ಮೇಲೆ, ಗೆದ್ದಲು ತಾಗದ ಕಡೆ ಇಡಿ. ಏಪ್ರಿಲ್‌ನಲ್ಲಿ ಬಂದಾಗ ಪುಟಪುಟವನ್ನೂ ಫೋಟೋ ತೆಗೆಯುತ್ತೇನೆ.

ಅಜ್ಜಿ ಈ ತಿಂಗಳೂ ದರಗಿಗೆ ಹೋಗುತ್ತಾರೆಂದು ಅಮ್ಮ ಹೇಳಿದಳು. ಹೋಗಲೇಬೇಕೆಂದರೆ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಯೇ ಕಳಿಸಿ, ಬಂದ ಕೂಡಲೇ ಬಿಸಿನೀರು ಸ್ನಾನವಾಗಲಿ. ಡಾಕ್ಟ್ರು ಬೈಯುತ್ತಾರೆ ಎಂದು ಹೇಳಿದರೆ ಅಜ್ಜಿ ಕೇಳುತ್ತಿದ್ದರು. ಈಗ ನೀವೇ ಬೈಯಬೇಕು.

ಇಂತಿ ನಿಮ್ಮ ಪ್ರೀತಿಯ ಮಗಳು