ಸೆರಗು ತಿರುವಿ ನೋಡಲು ಮೊಬೈಲಿನಲ್ಲಿ ಆಗುತ್ತದೆಯೇ?

ಮಾನ್ಯರೇ,

‘ಅಪ್ಪಟ ಇಳಕಲ್’ ಎಂದಿತ್ತು, ಬೆಲೆಯೂ ಕಡಿಮೆ. ಅವ್ವನಿಗೆಂದು ಆನ್‌ಲೈನಿನಲ್ಲಿ ಸೀರೆ ತರಿಸಿದೆ. ಅವ್ವ ಸೆರಗು ತಿರುವಿ, ಬೆರಳಾಡಿಸಿ, ‘ಕೊಂಡಿ ಎಲ್ಲೈತಿ?’ ಎಂದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹಾಯುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಇದರಲ್ಲಿ ಬರೀ ಪ್ರಿಂಟು! ವಾಪಸ್ ಕಳಿಸೋಣವೆಂದರೆ ‘ಎಕ್ಸ್‌ಚೇಂಜ್ ಮಾತ್ರ’ ಎಂಬ ಸಾಲು ಪುಟದ ತಳದಲ್ಲಿತ್ತು.

2020ರ ಇ-ಕಾಮರ್ಸ್ ನಿಯಮದಂತೆ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನನಗೆ ಸಿಕ್ಕಿದ್ದು ಚಾಟ್‌ಬಾಟ್‌ನ ‘ಕ್ಷಮಿಸಿ’ ಮಾತ್ರ. ಕೊನೆಗೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ.

ಚಾರ್ಜರ್, ಪುಸ್ತಕಕ್ಕೆಲ್ಲ ನಾನೂ ಆನ್‌ಲೈನೇ. ಸುಮ್ನೆ ಬಿಸಿಲಲ್ಲಿ ಯಾಕೆ ಅಲೆಯಬೇಕು, ಅಲ್ವಾ? ಸೀರೆ ಹಾಗಲ್ಲ. ಅಂಗಡಿಯವರು ಹತ್ತು ಸೀರೆ ಬಿಚ್ಚಿ ಹಾಸುತ್ತಾರೆ. ನಾವು ಬಾಗಿಲ ಬೆಳಕಿಗೆ ಒಯ್ದು ಬಣ್ಣ ನೋಡುತ್ತೇವೆ. ಕೊಳ್ಳದೆ ಎದ್ದರೂ ‘ಮತ್ತ ಬರ್ರಿ’ ಅನ್ನುತ್ತಾರೆ (ಮುಖ ಸ್ವಲ್ಪ ಸಪ್ಪಗಾಗಿರುತ್ತದೆ, ನಿಜ).

ಆನ್‌ಲೈನಿನಲ್ಲಿ ‘ಇಳಕಲ್’ ಎಂದು ಮಾರುವವರು ಸೆರಗಿನ ಕೊಂಡಿಯ ಫೋಟೊ ಹಾಕುವುದನ್ನು ಸರಕಾರ ಕಡ್ಡಾಯ ಮಾಡಲಿ.

– ಓದುಗರೊಬ್ಬರು, ಧಾರವಾಡ