ಕೌದಿಯ ಅಳತೆ ಕೇಳಿದ ಗೆಳೆಯನಿಗೆ

ಮಾರಾಯ,

ಮಡಿಕೇರಿಯ ಚಳಿಗೆ ಮಗಳಿಗೊಂದು ಕೌದಿ ಹೊಲಿಯಬೇಕು, ಆಗ ಉಡುಪಿಯ ಕೋಣೆಯಲ್ಲಿ ಹೊಲಿದೆವಲ್ಲ, ಅದರ ಅಳತೆ ಕಳಿಸು ಅಂತ ಕೇಳಿದ್ದೀ. ಅಳತೆ ಮಾತ್ರ ಕಳಿಸಿದರೆ ನೀನು ಆರಿಂಚಿನ ಚೌಕವನ್ನು ಆರಿಂಚಿಗೇ ಕತ್ತರಿಸುವ ಪೈಕಿ. ಹಾಗಾಗಿ ಪತ್ರ. ಬೇರೆಯವರಿಗೂ ಉಪಯೋಗವಾಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಹೆದರಬೇಡ, ಎಂಟೂಕಾಲರ ಬಸ್ಸಿನ ವಿಷಯ ಎತ್ತುವುದಿಲ್ಲ.

ಹೊಲಿದು ಮುಗಿದಾಗ ಅದು 60 ಇಂಚು ಅಗಲ, 90 ಇಂಚು ಉದ್ದ. 6 ಇಂಚಿನ ಚೌಕ ಅಡ್ಡಕ್ಕೆ 10, ಉದ್ದಕ್ಕೆ 15, ಒಟ್ಟು 150. ಕತ್ತರಿಸುವುದು ಮಾತ್ರ ಆರೂವರೆಗೆ, ಯಾಕೆಂದರೆ ನಾಲ್ಕೂ ಬದಿಯಲ್ಲಿ ಕಾಲಿಂಚು ಹೊಲಿಗೆಯೊಳಗೆ ಹೋಗುತ್ತದೆ. ಆರಕ್ಕೇ ಕತ್ತರಿಸಿದರೆ 55 ಅಗಲ, ಎಂಬತ್ತೆರಡೂವರೆ ಉದ್ದ. ನಿನ್ನಂಥ ಉದ್ದದವನ ಪಾದ ಹೊರಗೆ. ಆ ಕಾಲಿಂಚಿನಲ್ಲಿ ಅಂದಾಜಿನ ಲೆಕ್ಕ ನಡೆಯುವುದಿಲ್ಲ. ಹೊಲಿಗೆ ಅರೆಕಾಲಿಂಚು ಒಳಗೆ ಸರಿದರೆ ಚೌಕವೊಂದಕ್ಕೆ ಕಾಲಿಂಚು ನಷ್ಟ, 15 ಚೌಕದ ಸಾಲಿಗೆ ಮೂರೂಮುಕ್ಕಾಲು ಇಂಚು. ಒಂದು ಸಾಲು ಹಾಗಾಗಿ ಪಕ್ಕದ ಸಾಲು ಸರಿಯಿದ್ದರೆ ಎರಡನ್ನೂ ಕೂಡಿಸುವಾಗ ಎಳೆಯಬೇಕಾಗುತ್ತದೆ, ಎಳೆದ ಕಡೆ ಸುಕ್ಕು. ಗುರುತು ಹಾಕಲು ರಟ್ಟು ಬೇಡ. ಪೆನ್ಸಿಲು ಉಜ್ಜಿ ಉಜ್ಜಿ ರಟ್ಟಿನ ಅಂಚು ಸವೆದು, ಕೊನೆಯ ಚೌಕ ಮೊದಲಿನದ್ದಕ್ಕಿಂತ ಸಣ್ಣದಾಗುತ್ತದೆ. ಹಳೇ ಎಕ್ಸ್‌ರೇ ಹಾಳೆ ಕತ್ತರಿಸಿಕೋ, ಸವೆಯುವುದಿಲ್ಲ.

ಕತ್ತರಿ ಹಿಡಿಯುವ ಮೊದಲು ಎಲ್ಲ ಬಟ್ಟೆಯನ್ನೂ ಬೇರೆ ಬೇರೆಯಾಗಿ ತೊಳೆ. ಕೆಂಪು ಮತ್ತು ಕಡುನೀಲಿಯನ್ನು ನೀರು ತಿಳಿಯಾಗುವ ತನಕ. ಆಮೇಲೆ ಒದ್ದೆ ಬಿಳಿ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತು. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡು ಕೌದಿಗೆ ಬೇಡ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ನಿಮ್ಮ ಮನೆಯಲ್ಲೂ ಹೇಳುತ್ತಾರೆ, ನಮ್ಮ ಮನೆಯಲ್ಲೂ. ನಿಲ್ಲುವುದಿಲ್ಲ. ಅಂಗಡಿಯಿಂದ ತಂದ ಬಟ್ಟೆಯ ಬಣ್ಣ ಮನೆಯ ಉಪ್ಪಿಗೆ ಬಗ್ಗುವಂಥದ್ದಲ್ಲ.

ಹಳೇ ಹತ್ತಿ ಸೀರೆ ಮೆತ್ತಗೆ ಜಾರುತ್ತದೆ, ನೇರ ಕತ್ತರಿಸಲಿಕ್ಕೆ ಬರುವುದಿಲ್ಲ. ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಕಾಗದದ ಹಾಗೆ ನಿಲ್ಲುತ್ತದೆ. ಆದರೆ ಕೌದಿ ಮುಗಿದ ಮೇಲೆ ಆ ಗಂಜಿಯನ್ನು ಪೂರ್ತಿ ತೊಳೆದು ತೆಗೆಯಲೇಬೇಕು. ಉಳಿದರೆ ಮಳೆಗಾಲದಲ್ಲಿ ಬೂಸ್ಟು, ಬೇಸಗೆಯಲ್ಲಿ ಹುಳ.

ಕೌದಿಯ ಅಡಿಭಾಗಕ್ಕೆ ಒಂದು ಸೀರೆ ಸಾಕು. ಐದೂವರೆ ಮೀಟರಿನ ಸೀರೆಯಿಂದ 98 ಇಂಚಿನ ಎರಡು ತುಂಡು ತೆಗೆದು ಉದ್ದುದ್ದ ಜೋಡಿಸಿ, ಅಗಲ 68ಕ್ಕೆ ಇಳಿಸು. ಸುತ್ತ 4 ಇಂಚು ಹೆಚ್ಚು ಬೇಕು, ಹೊಲಿಯುತ್ತ ಹೋದ ಹಾಗೆ ಮೇಲಿನ ಬಟ್ಟೆ ಹರಡಿಕೊಳ್ಳುತ್ತದೆ. ನಡುವೆ ನಾವು ಹಾಕಿದ್ದು ಹಳೇ ಪಂಚೆಯ ಎರಡು ಪದರ. ಹಿಂಜಿದ ಹತ್ತಿ ತುಂಬಿದರೆ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಅದು ಒಣಗುವ ಮಾತೇ ಇಲ್ಲ. ನಿಮ್ಮಲ್ಲಿಯೂ ಮಳೆ ಕಡಿಮೆಯೇನಲ್ಲ, ದಪ್ಪದ ಆಸೆಗೆ ಬೀಳಬೇಡ. ಪಂಚೆ ಸಿಗದಿದ್ದರೆ ಬೈರಾಸ್, ಅಂದರೆ ಮೈ ಒರೆಸುವ ಟವಲು, ಆದೀತು.

ಪದರಗಳನ್ನು ನೆಲದ ಮೇಲೆ ಹಾಸಿ, ನಡುವಿನಿಂದ ಹೊರಕ್ಕೆ ಕೈಯಲ್ಲಿ ಸವರಿ, ಒಂದು ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕು. ಇದಕ್ಕೆ ಸೋಮಾರಿತನ ಮಾಡಿದರೆ ಅಡಿಯ ಸೀರೆ ಮಡಚಿಕೊಂಡೇ ಹೊಲಿಗೆಗೆ ಸಿಕ್ಕಿರುತ್ತದೆ, ತಿರುಗಿಸಿ ನೋಡಿದಾಗಲೇ ಗೊತ್ತಾಗುವುದು. ಆಮೇಲೆ ಎರಡೆರಡು ಇಂಚಿಗೆ ಒಂದು ಸಾಲು, ಇಂಚಿಗೆ ನಾಲ್ಕು ಹೊಲಿಗೆ. ದಪ್ಪ ಹತ್ತಿ ದಾರವನ್ನು ಒಂದು ಮೊಳಕ್ಕಿಂತ ಉದ್ದ ತೆಗೆಯಬೇಡ. ಉದ್ದ ದಾರ ಬಟ್ಟೆಯೊಳಗೆ ಹೋಗಿ ಬಂದು ಹೋಗಿ ಬಂದು ತುದಿಗೆ ಬರುವಷ್ಟರಲ್ಲಿ ಎಳೆ ಬಿಟ್ಟಿರುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಗಂಟು ಬೀಳುವುದು ಕಡಿಮೆ. ನೀನು ಹಟ ಹಿಡಿದು ಸೇರಿಸಿದೆಯಲ್ಲ ಖಾಕಿ ತುಂಡು, ಖಾಕಿ ಬಣ್ಣ ಕಂಡುಹಿಡಿದರು ಅನ್ನುವ ಮಂಗಳೂರು ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಹಾಲರ್ ಸಾಹೇಬರಿಗೆ ಗೌರವ ಅಂತ, ಅಂಥದ್ದು ಈ ಸಲ ಬೇಡ. ಸೂಜಿ ಮುರಿಯುವುದು ಅಲ್ಲೇ.

ಲೆಕ್ಕದ ರಗಳೆಯೇ ಬೇಡ ಅನ್ನಿಸಿದರೆ ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಹೆಂಗಸರ ದಾರಿ ಉಂಟು. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆ ಅವರು ಚೌಕಗಳನ್ನು ಮೊದಲು ಒಂದಕ್ಕೊಂದು ಕೂಡಿಸುವುದೇ ಇಲ್ಲ. ಸೀರೆ ಹಾಸಿ, ಮೂಲೆಯಿಂದ ಶುರು ಮಾಡಿ, ತುಂಡಿನ ಅಂಚು ಮಡಚಿಟ್ಟು ಎಲ್ಲ ಪದರಕ್ಕೂ ಸೇರಿಸಿಯೇ ಹೊಲಿಯುತ್ತಾರೆ. ಅಂಚಿನ ಗುಂಟ ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಹೂವು. ತುಂಡು ಎಷ್ಟು ದೊಡ್ಡದಿದ್ದರೂ ನಡೆಯುತ್ತದೆ, ತಪ್ಪಿದ ಕಾಲಿಂಚು ಮುಂದಿನ ತುಂಡಿನ ಅಡಿ ಮುಚ್ಚಿಹೋಗುತ್ತದೆ. ನನ್ನನ್ನು ಕೇಳಿದರೆ ನಮ್ಮ ಚೌಕದ ಕೌದಿಗಿಂತ ಇದೇ ಬುದ್ಧಿವಂತಿಕೆಯ ಕೆಲಸ.

ಇನ್ನು ಬಟ್ಟೆಯ ಆಯ್ಕೆ. ಇದನ್ನು ಗಟ್ಟಿಯಾಗಿ ಹೇಳಬೇಕು. ನಿನ್ನ ಸಂದೇಶ ಬಂದ ಮೇಲೆ ಕೌದಿ ತೆಗೆದು ಹಾಸಿ ನೋಡಿದೆ. ಹತ್ತಿ ಚೌಕಗಳು ಹರಿದಿವೆ. ಅದೂ ನಡುವೆ ಅಲ್ಲ, ಹೊಲಿಗೆಯ ಪಕ್ಕದಲ್ಲಿ, ಅದೂ ಪಾಲಿಯೆಸ್ಟರ್ ಚೌಕಕ್ಕೆ ತಾಗಿದ ಬದಿಯಲ್ಲೇ. ಕಾರಣ ಸರಳ. ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಎಳೆತ ಬಿದ್ದಾಗ ಅದು ಬಿಟ್ಟುಕೊಡುವುದಿಲ್ಲ, ಭಾರವೆಲ್ಲ ಸೂಜಿ ತೂತು ಬಿದ್ದ ಹತ್ತಿಯ ಅಂಚಿಗೆ. ಅದರಲ್ಲೂ ಉಡುಪಿ ಸೀರೆಯ ನೂಲು ತೆಳು, ಉಟ್ಟು ಒಗೆದು ಉಟ್ಟು ಒಗೆದು ಮೊದಲೇ ಬಡವಾಗಿತ್ತು. ಬಣ್ಣ ಬೇಕು ಅಂತ ನಾವು ನಡುನಡುವೆ ತುರುಕಿದ ಪಾಲಿಯೆಸ್ಟರ್ ರವಕೆ ಕಣಗಳು ಇವತ್ತಿಗೂ ಅಂಗಡಿಯಿಂದ ಬಂದ ಹಾಗೆ ಹೊಳೆಯುತ್ತಿವೆ. ಮದುವೆ, ಮುಂಜಿ, ಸತ್ಯನಾರಾಯಣ ಪೂಜೆಗಳಲ್ಲಿ ಕುಂಕುಮದೊಟ್ಟಿಗೆ ಮನೆಯಿಂದ ಮನೆಗೆ ತಿರುಗಿ, ಯಾರೂ ಹೊಲಿಸಿ ತೊಡದ ಆ ಕಣಗಳು. ಮೈಗೆ ಹತ್ತಿರವಾಗಿದ್ದದ್ದೆಲ್ಲ ಹೋಗಿದೆ, ಇವು ಕೂತಿವೆ.

ನಾವಿಬ್ಬರೂ ಅಷ್ಟಮಿಗೆ, ದೀಪಾವಳಿಗೆ ಕಳಿಸಿಕೊಳ್ಳುವ ಚಿತ್ರಗಳೂ ಆ ರವಕೆ ಕಣಗಳೇ ಅಲ್ಲವಾ? ಯಾರಿಂದಲೋ ಬಂದದ್ದು, ಬಿಡಿಸಿಯೂ ನೋಡದೆ ದಾಟಿಸಿದ್ದು. ಅದಕ್ಕೇನೂ ಆಗುವುದಿಲ್ಲ, ಇನ್ನೂ ಇಪ್ಪತ್ತು ವರ್ಷ ಬಾಳುತ್ತದೆ. ಬೈದುಕೊಂಡು, ಸಾಲ ಕೇಳಿ, ರಾತ್ರಿ ಎಬ್ಬಿಸಿ ಮಾತಾಡುತ್ತಿದ್ದದ್ದು ಯಾವಾಗ ನಿಂತಿತು ಅಂತ ಹುಡುಕಿದರೂ ಸಿಗುವುದಿಲ್ಲ. ಅಪ್ಪ ಹೋದ ದಿನ ನಿನ್ನ ನಂಬರು ತೆಗೆದು ಸುಮಾರು ಹೊತ್ತು ನೋಡಿದೆ. ಮಾಡಲಿಲ್ಲ. ಸಂಜೆ ನೀನು ಕೈಮುಗಿದ ಚಿತ್ರ ಕಳಿಸಿದೆ. ನಾನೂ ಕೈಮುಗಿದ ಚಿತ್ರವನ್ನೇ ಕಳಿಸಿದೆ. ಅವತ್ತು ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು, ಈಗಲೂ ಸ್ವಲ್ಪ ಉಂಟು.

ಸರಿ, ಮಾತಾಡುತ್ತ ಕೂತರೆ ಗೋಳಿಬಜೆ ತಣ್ಣಗಾಗ್ತದೆ. ಕೌದಿ ಕಲಿಯಲು ಬಂದವರು ಇದನ್ನೆಲ್ಲ ಓದಬೇಕಾಗಿ ಬಂದದ್ದಕ್ಕೆ ಕ್ಷಮಿಸಬೇಕು; ಬೇಕಾದರೆ ಈ ಭಾಗವನ್ನು ಕಾಲಿಂಚು ಅಂತ ಒಳಗೆ ಮಡಚಿಬಿಡಿ.

ರಿಪೇರಿ ಒಂದು ಬಾಕಿ. ಹರಿದ ಚೌಕವನ್ನು ಬಿಚ್ಚಲು ಹೋಗಬಾರದು, ಪಕ್ಕದ್ದೂ ಬರುತ್ತದೆ. ಹರಿದದ್ದಕ್ಕಿಂತ ಒಂದಿಂಚು ದೊಡ್ಡ ಹತ್ತಿ ತುಂಡು ತೆಗೆದು, ಸುತ್ತ ಅಂಚು ಒಳಗೆ ಮಡಚಿ, ಮೇಲಿಟ್ಟು, ಸೂಜಿ ಅಡಿಯ ಸೀರೆಯ ತನಕ ದಾಟುವ ಹಾಗೆ ಹೊಲಿಯಬೇಕು. ಹೊಸ ಗಟ್ಟಿ ಬಟ್ಟೆ ಬೇಡ, ಅದು ಮತ್ತೆ ಅಕ್ಕಪಕ್ಕವನ್ನು ಹರಿಯುತ್ತದೆ; ತೊಳೆದು ಮೆತ್ತಗಾದದ್ದೇ ಆಗಬೇಕು. ಇಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಹಳೇ ಪಂಚೆಯಲ್ಲಿ ಸುತ್ತಿಡು, ನುಸಿಗುಳಿಗೆ ಬಟ್ಟೆಗೆ ತಾಗದಿರಲಿ, ಮಡಿಕೆ ಆಗಾಗ ಬದಲಿಸು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಆ ಗೆರೆಯಲ್ಲೇ ಸೀಳುತ್ತದೆ.

ನಮ್ಮದಕ್ಕೆ ಒಂದಿಪ್ಪತ್ತು ತೇಪೆ ಬೇಕಾದೀತು. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ, ಒಬ್ಬ ಎಳೆದು ಹಿಡಿಯಬೇಕು. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಬಾ. ಬರುವಾಗ ಮನೆಯ ಹಳೇ ಹತ್ತಿ ಸೀರೆ ಇದ್ದರೆ ತಾ. ರವಕೆ ಕಣ ತಂದೆಯೋ, ಬಸ್‌ಸ್ಟ್ಯಾಂಡಿನಿಂದಲೇ ವಾಪಸ್ ಕಳಿಸುತ್ತೇನೆ.

ನಿನ್ನವ,
ಸೂಜಿಗೆ ದಾರ ಪೋಣಿಸಲು ಈಗ ಕನ್ನಡಕ ಹುಡುಕುವವ